ಷರಾ

ನಮ್ಮ ಸಿಸ್ಟಮ್ಮಿನಲ್ಲಿ ಹೊಳೆಗೆ ಎಂಟು ಕಾಲಮ್ಮು.
ತಾರೀಖು, ಹೊತ್ತು, ಮಟ್ಟ, ಒಳಹರಿವು, ಹೊರಹರಿವು,
ಮಳೆ, ಗೇಟು. ಆಮೇಲೆ ಷರಾ.
ಏಳನ್ನು ಮಾಡೆಲ್ಲು ಓದುತ್ತದೆ.
ಎಂಟನೆಯದನ್ನು ಯಾರೂ ಓದುವುದಿಲ್ಲ.

ನವನಗರ, ಎರಡನೇ ಮಹಡಿ, ಆಗಸ್ಟಿನ ನಡುರಾತ್ರಿ.
ಕಿಟಕಿಯಾಚೆ ಒಂದು ಹನಿಯೂ ಇಲ್ಲ, ಚಿಕ್ಕೆ ಕಾಣುತ್ತವೆ.
ಮಳೆ ಬೀಳುವುದು ಮಹಾರಾಷ್ಟ್ರದಲ್ಲಿ,
ಬರುವುದು ನಮಗೆ.
ಪರದೆಯ ಮೇಲೆ ಕೃಷ್ಣೆ ಒಂದು ನೀಲಿ ದಾರ,
ದಂಡೆಯ ಊರುಗಳು ಸಾಸಿವೆಯಷ್ಟು ಚುಕ್ಕೆ.
ಹಸಿರಿದ್ದರೆ ಮಲಗಬಹುದು, ಹಳದಿಗೆ ಡಂಗುರ,
ಕೆಂಪಿಗೆ ಬಸ್ಸು.
ಬಣ್ಣ ಹೇಳದೆ ಸಾಹೇಬರು ಸಹಿ ಹಾಕುವುದಿಲ್ಲ.
ಅವರದೂ ತಪ್ಪಲ್ಲ:
ಹಿಂದೊಮ್ಮೆ ಮನಸ್ಸು ಹೇಳಿತೆಂದು ಬಸ್ಸು ಕಳಿಸಿದವರ
ಡೀಸೆಲ್ ಬಿಲ್ಲು ಇನ್ನೂ ಆಡಿಟ್ಟಿನಲ್ಲಿ ಕೂತಿದೆ.

ಒಂದೂ ಇಪ್ಪತ್ತಕ್ಕೆ ಫೋನು. ಯಮನಪ್ಪ ಅಂಬಿಗೇರ,
ಜಮಖಂಡಿ ಕಡೆಯ ಗೇಜ್ ರೀಡರು, ದಿನಗೂಲಿ.
"ಹದಿನಾಕ ಫೂಟ ಆರಿಂಚ ಐತ್ರಿ ಮೇಡಮ್ಮಾರ."
ಬರಕೊಂಡೆ.
"ಇನ್ನೊಂದ ಮಾತ ಐತ್ರಿ. ಹೊಳಿ ಸುಮ್ಮನಾಗೈತ್ರಿ."
ಒಳ್ಳೇದಲ್ವಾ, ಅಂದೆ.
"ಅಲ್ರಿ. ಗದ್ದಲಾ ಮಾಡೂ ಮಟಾ ಹೊಳಿ
ತನ್ನ ಹಾದ್ಯಾಗ ಇರತೈತ್ರಿ.
ಸುಮ್ಮನಾತಂದ್ರ
ನಮ್ಮ ಹಾದಿ ಹುಡುಕಾಕತ್ತೈತಂತ."

ಮಟ್ಟ ತುಂಬಿದೆ: ಹದಿನಾಲ್ಕೂವರೆ.
ಅಂಬಿಗೇರ ವಸತಿಯ ಚುಕ್ಕೆ ಹಸಿರು.
ಷರಾ ತುಂಬಿದೆ: ನದಿ ಮೌನವಾಗಿದೆ.
ಚುಕ್ಕೆ ಹಸಿರು.

ನಲವತ್ತೊಂದು ಮನೆ. ಒಬ್ಬ ಬಾಣಂತಿ.
ಎಮ್ಮೆಗಳ ಲೆಕ್ಕ ಹಾಳೆಯಲ್ಲಿಲ್ಲ.
ನಾನೂ ಮುಳುಗಿದ ಓಣಿಯವಳೇ.
ನಮ್ಮ ಹಿತ್ತಲ ಬೇವು ಹಿನ್ನೀರಿನ ತಳದಲ್ಲಿದೆ,
ನಮ್ಮ ಕೈಗೆ ಬಂದದ್ದು ಸೆಕ್ಟರಿನ ನಂಬರು.
ಆಗಲೂ ಯಾರೋ ಒಬ್ಬರು ನಕಾಶೆಯ ಮೇಲೆ
ಪೆನ್ಸಿಲ್ಲಿನ ತುದಿ ನಾಲಗೆಗೆ ತಾಗಿಸಿ
ಗೆರೆ ಎಳೆದಿರಬೇಕು. ಅವರಿಗೂ ನಿದ್ದೆ ಬಂದಿರಬೇಕು.

ಒಂದೂ ನಲವತ್ತಕ್ಕೆ ಹದಿನಾಲ್ಕೂವರೆ ಅಳಿಸಿ
ಹದಿನಾರೂವರೆ ಎಂದು ಒತ್ತಿದೆ.
ಎರಡು ಅಡಿ ಸುಳ್ಳು.
ಸಣ್ಣ ಚಕ್ರ ತಿರುಗಿತು, ತಿರುಗಿತು,
ಕೆಂಪಾಯಿತು.
ಸಾಹೇಬರು ಸಹಿ ಹಾಕಿದರು. ಮೂರು ಬಸ್ಸು ಹೋದವು.

ಐದಕ್ಕೆ ನೀರು ಬಂತು.
ಅಳತೆಯ ಪಟ್ಟಿಯೇ ಮುಳುಗಿತ್ತು.
ಕೆಳಗಿನ ಮನೆಗಳಿಗೆ ಎದೆಮಟ್ಟ, ನಡುವಿನವಕ್ಕೆ ಮೊಣಕಾಲು,
ಮೇಲಿನ ಓಣಿಗೆ ಬರಲೇ ಇಲ್ಲ.
ಮೇಲಿನ ಓಣಿಯ ಕಸ್ತೂರೆವ್ವ ಕಾಳಜಿ ಕೇಂದ್ರದಲ್ಲಿ
ತಟ್ಟೆ ದೂಡಿ ಬೈದಳು:
"ಹಂಚಿನ ಮ್ಯಾಲಿನ ರೊಟ್ಟಿ ಬಿಟ್ಟ ಬಂದ್ನಿ,
ಈ ಅನ್ನದ ಮುದ್ದಿ ತಿನ್ನಾಕೇನ?"
ಬೈಸಿಕೊಂಡೆ. ಅಷ್ಟು ರುಚಿಯ ಬೈಗುಳ ಮತ್ತೆ ಕೇಳಿಲ್ಲ.

ಅಕ್ಟೋಬರಿನಲ್ಲಿ ಸಭೆ. ಚಹಾ, ಗೋಡಂಬಿ, ಗ್ರಾಫು.
ನಿಖರತೆ ನೂರಕ್ಕೆ ತೊಂಬತ್ತಮೂರು. ಚಪ್ಪಾಳೆ.
ಈ ಸಲದ ಅಂಕಿಗಳನ್ನೇ ಮುಂದಿನ ಸಲಕ್ಕೆ
ಯಂತ್ರಕ್ಕೆ ಕಲಿಸುತ್ತೇವೆ, ಅಂದರು.
ಗೋಡಂಬಿ ನನ್ನ ಹಲ್ಲಿನಲ್ಲೇ ನಿಂತಿತು.

ಅದು ಕಲಿತದ್ದು ಇಷ್ಟು:
ಹದಿನಾರೂವರೆ ಅಡಿಯಾದರೆ
ಅಂಬಿಗೇರ ವಸತಿಗೆ ನೀರು ನುಗ್ಗುತ್ತದೆ.
ಹದಿನಾಲ್ಕೂವರೆಗೇ ನುಗ್ಗಿತ್ತೆಂದು
ಅದಕ್ಕೆ ಹೇಳಿದವರಿಲ್ಲ.
ಗೊತ್ತಿದ್ದವಳು ನಾನು, ಇನ್ನು ಯಮನಪ್ಪ.
ಅವನ ಕರಾರು ಸೆಪ್ಟೆಂಬರಿಗೆ ಮುಗಿಯಿತು;
ದಂಡೆಗೆ ಈಗ ಸೆನ್ಸರು ಕೂರಿಸಿದ್ದಾರೆ,
ಅದು ಎತ್ತರ ನೋಡುತ್ತದೆ, ಕಿವಿ ಇಲ್ಲ.

ಮಟ್ಟದ ಕಾಲಮ್ಮಿಗೆ ಬೀಗ ಬಿದ್ದಿದೆ.
ತಿದ್ದಬೇಕೆಂದರೆ ಅರ್ಜಿ, ಕಾರಣ, ಮೇಲಧಿಕಾರಿಯ ಶಿಫಾರಸು,
ಆಮೇಲೆ ನೋಟೀಸು, ನನ್ನ ಹೆಸರಿಗೆ.
ಷರಾಕ್ಕೆ ಮಾತ್ರ ಬೀಗವಿಲ್ಲ.
ಓದದೆ ಬಿಟ್ಟದ್ದಕ್ಕೆ ಕಾವಲು ಯಾರು ಇಡುತ್ತಾರೆ?

ಇವತ್ತು ಊಟದ ಹೊತ್ತಿನಲ್ಲಿ ಆ ರಾತ್ರಿಯ ಸಾಲು ತೆಗೆದು
ನದಿ ಮೌನವಾಗಿದೆ ಎಂಬುದರ ಮುಂದೆ ಟೈಪು ಮಾಡಿದೆ:
ಅಂಬಿಗೇರ ಹೇಳಿದ್ದು ಹದಿನಾಲ್ಕೂವರೆ.
ಉಳಿದ ಎರಡು ಅಡಿ ನನ್ನವು.

ಉಳಿಸಲೇ, ಎಂದು ಕೇಳಿತು ಯಂತ್ರ.
ಹೌದು ಒತ್ತಿ,
ಎದುರಿನ ಖಾಲಿ ಅರ್ಜಿಯ ಹಾಳೆಯನ್ನು
ಹತ್ತಿರ ಎಳೆದುಕೊಂಡೆ.